ಪಿಸ್ತೂಲನ್ನು ತಟ್ಟಿ ನೋಡಿದ ಉಸ್ತಾದರು

ಕಳೆದ ತಿಂಗಳು ಶಹಾಬಾದದಲ್ಲಿ ಉಸ್ತಾದರ ಶೋಕಸಭೆ ನಡೆಯಿತು. ಕಲ್ಲು ಪಾಲಿಶ್ ಮಾಡುವ ಅಂಗಳವೊಂದರಲ್ಲಿ, ಯಂತ್ರಗಳನ್ನು ಅರ್ಧ ತಾಸು ನಿಲ್ಲಿಸಿ ಮಾಡಿದ ಸಭೆ. ಮಾತಾಡಲು ನನ್ನನ್ನೂ ಕರೆದಿದ್ದರು. ನಾನು ಪಿಸ್ತೂಲಿನ ಕಥೆ ಹೇಳಿದೆ. ಜನ ಚೆನ್ನಾಗಿ ನಕ್ಕರು, ಕೊನೆಗೆ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಬಸ್ಸಿನಲ್ಲಿ ಮರಳುವಾಗ, ವಾಡಿ ದಾಟುವ ಹೊತ್ತಿಗೆ, ನಾನು ಹೇಳಿದ್ದರಲ್ಲಿ ಒಂದು ಮಾತು ಒಳಗೇ ಕೊರೆಯತೊಡಗಿತು. ಅದು ಯಾವ ಮಾತೆಂದು ಅದರ ಜಾಗ ಬಂದಾಗ ಹೇಳುತ್ತೇನೆ. ಇದನ್ನು ಬರೆಯುತ್ತಿರುವುದೇ ಅದಕ್ಕಾಗಿ.

ಅವರ ಹೆಸರು ಬರೆಯುವುದಿಲ್ಲ. ಕಲ್ಲಿನ ಖಣಿಗಳಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಉಸ್ತಾದ ಎಂದರೆ ಸಾಕಿತ್ತು. ಶಹಾಬಾದದಲ್ಲಿ, ರಾವೂರಿನಲ್ಲಿ ನೆಲದಿಂದ ಏಳುವ ಹಾಸುಗಲ್ಲು, ನಾವು ಫರ್ಶಿ ಎನ್ನುವುದು, ಮೇಲ್ನೋಟಕ್ಕೆ ಎಲ್ಲವೂ ಒಂದೇ. ಆದರೆ ಕೆಲವು ಕಲ್ಲುಗಳ ಹೊಟ್ಟೆಯಲ್ಲಿ ಕೂದಲೆಳೆಯಂಥ ಬಿರುಕು ಇರುತ್ತದೆ. ಅಂಥದ್ದು ಮಾಳಿಗೆಗೆ ಹೋದರೆ ಒಂದು ದಿನ ಯಾರ ತಲೆಯ ಮೇಲೋ ಇಳಿಯುತ್ತದೆ. ಆ ಬಿರುಕನ್ನು ಕಂಡುಹಿಡಿಯುವುದು ಉಸ್ತಾದರ ಕೆಲಸ. ಬಲಗೈಯ ನಡುಬೆರಳಿಗೆ ಗಾಡಿಯ ಮೊಳೆ ಬಡಿದು ಮಾಡಿದ ಕಬ್ಬಿಣದ ಉಂಗುರ ಹಾಕಿದ್ದರು. ಅದರಿಂದ ಕಲ್ಲನ್ನು ತಟ್ಟಿ ಕೇಳುತ್ತಿದ್ದರು. ಅವರ ಬಾಯಿಂದ ಬರುತ್ತಿದ್ದುದು ಎರಡೇ ತೀರ್ಪು: ‘ಪಾಸ್’, ‘ನಾಪಾಸ್’. ಪರವಾಗಿಲ್ಲ, ನಡೆಯುತ್ತದೆ, ನೋಡೋಣ ಎಂಬ ಮಾತುಗಳನ್ನು ಕಲ್ಲಿನ ವಿಷಯದಲ್ಲಿ ಅವರು ಆಡಿದ್ದನ್ನು ನಾನು ಕೇಳಿಲ್ಲ.

ಅವರ ಒಂದು ಕಿವಿ ಕೇಳುತ್ತಿರಲಿಲ್ಲ. ಹರೆಯದಲ್ಲಿ ಖಣಿಯಲ್ಲಿ ಸಿಡಿಮದ್ದು ಹತ್ತಿರವೇ ಸಿಡಿದು ಎಡಗಿವಿ ಹೋಗಿತ್ತು. ಅದರಿಂದ ಅವರಿಗೆ ಅನುಕೂಲವೇ ಆಗಿತ್ತು. “ಬಲಗಿವಿ ಕಲ್ಲಿಗಿ, ಎಡಗಿವಿ ಮನ್ಯಾಗಿನಾಕಿಗಿ. ಇಬ್ಬರೂ ಖುಷಿ ಅದಾರ ನೋಡ್ರಿ,” ಎನ್ನುತ್ತಿದ್ದರು. ಯಾರಾದರೂ ತಲೆಬುಡವಿಲ್ಲದ ಮಾತು ಶುರು ಮಾಡಿದರೆ ನಿಧಾನವಾಗಿ ಮುಖ ತಿರುಗಿಸಿ ಎಡಗಿವಿ ಕೊಡುತ್ತಿದ್ದರು. ಮಾತಾಡುತ್ತಿದ್ದವನಿಗೆ ಅದು ಗೊತ್ತಾಗುತ್ತಿತ್ತು. ಆದರೂ ಮಾತು ನಿಲ್ಲಿಸಲು ಅವನಿಗೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ನಾನು ಅವರನ್ನು ಕಂಡದ್ದು ಖಣಿಯಲ್ಲಲ್ಲ. ಚಿತ್ತಾಪುರದಿಂದ ಸೇಡಂ ಕಡೆಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಒಬ್ಬ ಜಾಗೀರದಾರರಿದ್ದರು. ನಾನು ಅವರಲ್ಲಿ ಮುನ್ಶಿ. ಇಂಗ್ಲಿಷಿನಲ್ಲಿ ಬಂದ ಕಾಗದಗಳನ್ನು ಉರ್ದುವಿಗೆ ತಿರುಗಿಸುವುದು ನನ್ನ ಕೆಲಸ. ನಮ್ಮದು ಚಿತ್ತಾಪುರದ ವೈಷ್ಣವರ ಮನೆ. ತಂದೆ ದೇವಸ್ಥಾನದಲ್ಲಿ ಪುರಾಣ ಹೇಳುತ್ತಿದ್ದರು, ಮಗ ಬಂದೂಕುಗಳ ಚಾಕರಿ ಮಾಡುತ್ತಿದ್ದ. ಏಕೆಂದರೆ ಜಾಗೀರದಾರರಿಗೆ ಇದ್ದ ಒಂದೇ ಹುಚ್ಚು ಆಯುಧಗಳನ್ನು ಕೂಡಿಡುವುದು. ಬೇಟೆಗಲ್ಲ. ಅವರು ಏನನ್ನಾದರೂ ಕೊಂದದ್ದನ್ನು ನಾನು ನೋಡಿಲ್ಲ, ಸೊಳ್ಳೆ ಬಿಟ್ಟರೆ. ಬತ್ತಿಯಿಂದ ಹೊತ್ತಿಸುವ ಕೋವಿಯಿಂದ ಹಿಡಿದು ಹೊಸ ಕಾಲದ ಪಿಸ್ತೂಲಿನವರೆಗೆ, ಮನುಷ್ಯ ಗುಂಡು ಹಾರಿಸುವುದನ್ನು ಹೇಗೆ ಹಂತಹಂತವಾಗಿ ಸುಲಭ ಮಾಡಿಕೊಂಡ ಎಂಬುದನ್ನು ಒಂದು ಕೋಣೆಯ ಗೋಡೆಗೆ ಸಾಲಾಗಿ ತೂಗುಹಾಕಬೇಕೆಂದು ಅವರಿಗೆ ಆಸೆ. ಆ ಕೋಣೆಯ ನೆಲಕ್ಕೆ ಹೊಸ ಫರ್ಶಿ ಹಾಕಲು ಶಹಾಬಾದದಿಂದ ಬಂದವರು ಉಸ್ತಾದರು. ಜರ್ಮನಿಯ ಯುದ್ಧ ಶುರುವಾಗುವುದಕ್ಕೆ ಹಿಂದಿನ ಬೇಸಿಗೆ ಅದು.

ಬಂದ ಮೊದಲ ದಿನವೇ ನನ್ನ ಬರೆಯುವ ಮೇಜನ್ನು ತಟ್ಟಿದರು.

“ಮುನ್ಶಿ, ಈ ಕಾಲು ನಾಪಾಸ್ ಅದ.”

“ಉಸ್ತಾದ್, ಇದು ಕಟ್ಟಿಗಿ. ಕಲ್ಲಲ್ಲ.”

“ಅದಕ್ಕೇನು ಗೊತ್ರಿ ತಾ ಕಟ್ಟಿಗಿ ಅಂತ? ಬಿರುಕು ಬಿರುಕೇ.”

ಮೂರನೆಯ ದಿನ ಆ ಕಾಲು ಮುರಿದು, ಮಸಿಕುಡಿಕೆ ನನ್ನ ಧೋತರದ ಮೇಲೆ ಬಿತ್ತು ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಮಸಿ ಬಿದ್ದದ್ದು ನಿಜ. ಮೂರನೆಯ ದಿನವೋ ಮೂರನೆಯ ತಿಂಗಳೋ, ಈಗ ಆಣೆ ಮಾಡಿ ಹೇಳಲಾರೆ. ಕಥೆಗೆ ಮೂರು ದಿನ ಚೆನ್ನಾಗಿ ಕೂರುತ್ತದೆ. ಚೆನ್ನಾಗಿ ಕೂರುವುದನ್ನು ನಂಬಬಾರದು ಎಂಬುದು ನನಗೆ ತಡವಾಗಿ ತಿಳಿಯಿತು.

ಆ ಬೇಸಿಗೆಯಲ್ಲಿ ಜಾಗೀರದಾರರ ಗೋಡೆಯ ಸಾಲಿನಲ್ಲಿ ಒಂದು ಮೊಳೆ ಖಾಲಿ ಇತ್ತು. ಅಲ್ಲಿ ಬರಬೇಕಾದದ್ದು ‘ಡಬಲ್ ಆ್ಯಕ್ಷನ್’ ಆಟೊಮ್ಯಾಟಿಕ್ ಪಿಸ್ತೂಲು. ಆಗ ಅದು ತೀರ ಹೊಸದು. ವಿಲಾಯತಿಯಿಂದ ಬಂದ ಪುಸ್ತಿಕೆಯನ್ನು ಉರ್ದುವಿಗೆ ತಿರುಗಿಸಿದವನು ನಾನೇ. ಆದ್ದರಿಂದ ಅದರ ಗುಟ್ಟು ನನಗೆ ಬಾಯಿಪಾಠವಾಗಿತ್ತು. ಅದಕ್ಕಿಂತ ಹಿಂದಿನ ಪಿಸ್ತೂಲುಗಳಲ್ಲಿ ಹಿಂಬದಿಯ ಸಣ್ಣ ಸುತ್ತಿಗೆಯನ್ನು ಮೊದಲು ಎಬ್ಬಿಸಿಡಬೇಕು, ಆಮೇಲೆ ಬೆರಳಿನಿಂದ ಕುದುರೆ, ಅಂದರೆ ಟ್ರಿಗರ್, ಎಳೆಯಬೇಕು. ಇದರಲ್ಲಿ ಕುದುರೆ ಎಳೆದರೆ ಸುತ್ತಿಗೆ ತಾನೇ ಏಳುತ್ತದೆ, ತಾನೇ ಬೀಳುತ್ತದೆ. ಆ ಮೊದಲ ಎಳೆತ ಉದ್ದ, ಭಾರ. ಆದರೆ ಒಂದು ಗುಂಡು ಹಾರಿದ ಮೇಲೆ ಸುತ್ತಿಗೆ ಎದ್ದೇ ನಿಂತಿರುತ್ತದೆ. ಎರಡನೆಯ ಗುಂಡಿಗೆ ಬೆರಳು ಮುಟ್ಟಿದರೆ ಸಾಕು. ಈ ಕೊನೆಯ ವಾಕ್ಯದ ಕೆಳಗೆ ನಾನು ಕೆಂಪು ಮಸಿಯಿಂದ ಗೆರೆ ಎಳೆದಿದ್ದೆ.

ಹೈದರಾಬಾದಿನ ವ್ಯಾಪಾರಿಯೊಬ್ಬ ಅಂಥ ಮೂರನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಚಿತ್ತಾಪುರದ ಸ್ಟೇಶನ್ನಿನಲ್ಲಿ ಇಳಿದ. ಟಾಂಗಾ ತೆಗೆದುಕೊಂಡು ಹೋಗಿ ಕರೆತಂದವನು ನಾನು. ಅವನ ಶೇರ್ವಾನಿಗೆ ಅತ್ತರು, ಪೆಟ್ಟಿಗೆಗೆ ಹಸಿರು ಮಖಮಲ್ಲು. ಆಯುಧದ ಕೋಣೆಯಲ್ಲಿ ಅರ್ಧ ನೆಲ ಹಾಕಿ ಆಗಿತ್ತು. ನಡುವೆ ಒಂದು ದೊಡ್ಡ ಫರ್ಶಿ, ಒಂದೇ ತುಂಡು. ತಮ್ಮ ಖಣಿಯಿಂದ ಎದ್ದದ್ದರಲ್ಲೇ ಒಳ್ಳೆಯದು ಎಂದು ಉಸ್ತಾದರು ಹೇಳಿಕೊಂಡಿದ್ದರು. ಅದರ ಮೇಲೆಯೇ ಮೇಜು ಹಾಕಿ ಪೆಟ್ಟಿಗೆ ತೆರೆದರು. ಉಸ್ತಾದರು ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಲ್ಲಿನ ಅಂಚು ತಿಕ್ಕುತ್ತಿದ್ದರು.

ಮೊದಲನೆಯದು ಬೆಳ್ಳಿಯಂತೆ ಹೊಳೆಯುತ್ತಿತ್ತು. ಮೈತುಂಬ ಬಳ್ಳಿಯ ಕೆತ್ತನೆ. ಎರಡನೆಯದು ಕೈಗೆತ್ತಿಕೊಂಡರೆ ಆಟಿಕೆಯಷ್ಟು ಹಗುರ. ವಿಮಾನಕ್ಕೆ ಬಳಸುವ ಲೋಹದ ಚೌಕಟ್ಟು ಎಂದು ವ್ಯಾಪಾರಿ ಹೇಳಿದ. ಮೂರನೆಯದು ಕರಿ ಉಕ್ಕು. ಕೆತ್ತನೆಯಿಲ್ಲ. ಹಿಂದಿನ ಯಜಮಾನನ ಹೆಸರನ್ನು ಅರದಿಂದ ಉಜ್ಜಿ ಅಳಿಸಿದ ಗಾಯ ಪಕ್ಕದಲ್ಲಿ ಕಾಣುತ್ತಿತ್ತು.

ಹಗುರದ್ದನ್ನು ಜಾಗೀರದಾರರು ತಾವೇ ಬದಿಗಿಟ್ಟರು. ಚೌಕಟ್ಟು ಪೂರ್ತಿ ಉಕ್ಕಿನದೇ ಇರಬೇಕೆಂದು ಮೊದಲೇ ಹೇಳಿದ್ದರು. ಉಳಿದ ಎರಡರಲ್ಲಿ ಅವರ ಕಣ್ಣು ಬಳ್ಳಿಯ ಮೇಲಿತ್ತು. ನೋಡುವವರಿಗೆ ಯಾರಿಗಾದರೂ ಅಲ್ಲಿಯೇ ಇರುತ್ತಿತ್ತು. ಕೊಳ್ಳುವುದು ಇನ್ನೇನು ಆಯಿತು ಎನ್ನುವಾಗ, ತಮಾಷೆಗೆಂದೇ ಇರಬೇಕು, ಮೂಲೆಗೆ ತಿರುಗಿ ಕೂಗಿದರು:

“ಉಸ್ತಾದ್! ಬರ್ರಿ ಇಲ್ಲಿ. ಕಲ್ಲಿನ ಹೊಟ್ಟ್ಯಾಗಿಂದು ಹೇಳ್ತೀರಿ, ಕಬ್ಬಿಣದ್ದು ಹೇಳ್ತೀರೇನು?”

ಉಸ್ತಾದರು ಕೈ ಒರೆಸಿಕೊಂಡು ಬಂದರು. ತಮಾಷೆ ಎಂದು ಅವರಿಗೆ ಅನಿಸಿದಂತಿರಲಿಲ್ಲ. ಮೊದಲು ಕರಿಯದನ್ನು ಎತ್ತಿ, ಎರಡು ಬೆರಳಿನಲ್ಲಿ ತೂಗುಬಿಟ್ಟು, ಉಂಗುರದಿಂದ ತಟ್ಟಿದರು. ಕಣ್ಣು ಮುಚ್ಚಿದರು. ವ್ಯಾಪಾರಿ ಏನೋ ಹೇಳಹೊರಟ. ಉಸ್ತಾದರು ಕಣ್ಣು ತೆರೆಯದೆಯೇ ಅವನ ಕಡೆ ಎಡಗಿವಿ ತಿರುಗಿಸಿದರು. ಆಮೇಲೆ ಬಳ್ಳಿಯದನ್ನು ತಟ್ಟಿದರು. ಮತ್ತೊಮ್ಮೆ ತಟ್ಟಿದರು.

“ಇದು ನಾಪಾಸ್ ಅದ, ಸರ್ಕಾರ್.”

ವ್ಯಾಪಾರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಆ ಒಂದು ಮಾತಿಗೆ ಅನುವಾದ ಬೇಕಿರಲಿಲ್ಲ. ಅವನು ಉರ್ದುವಿನಲ್ಲಿ ಹಾರಾಡಿದ. ಇದೇನು ಕಲ್ಲಂಗಡಿಯೇ, ತಟ್ಟಿ ಕೊಳ್ಳಲು? ಇದು ಹುಜೂರರ ಕಚೇರಿಯೋ, ಗಾರೆಯವರ ಸಂತೆಯೋ? ಕಲ್ಲು ಹೊರುವವನಿಗೆ ಬಂದೂಕಿನ ಬಗ್ಗೆ ಏನು ಗೊತ್ತು?

“ಬಂದೂಕಿಂದು ಗೊತ್ತಿಲ್ರಿ,” ಎಂದರು ಉಸ್ತಾದರು, ಅವನಿಗಲ್ಲ, ಜಾಗೀರದಾರರಿಗೆ. “ಬಿರುಕಿಂದು ಗೊತ್ತದ. ತೋರಸ್ತೀನಿ.”

ಖಣಿಯಲ್ಲಿ ಅನುಮಾನ ಬಂದ ಕಲ್ಲಿಗೆ ಒಂದು ಪರೀಕ್ಷೆ ಮಾಡುತ್ತಾರೆ. ಕಲ್ಲನ್ನು ನೀರಿನಿಂದ ತೋಯಿಸಿ, ಬಟ್ಟೆಯಿಂದ ಒಣಗುವಂತೆ ಒರೆಸಿ, ಮೇಲೆ ಕಲ್ಲಿನ ನುಣ್ಣನೆಯ ಹುಡಿ ಉದುರಿಸುತ್ತಾರೆ. ಬಿರುಕು ಇದ್ದರೆ ಒಳಗೆ ಉಳಿದ ನೀರು ಹುಡಿಗೆ ಏರಿ ಕಪ್ಪು ಗೆರೆಯಾಗಿ ಕಾಣುತ್ತದೆ. ಉಸ್ತಾದರ ಜೇಬಿನಲ್ಲಿ ಆ ಹುಡಿಯ ಚೀಲ ಯಾವಾಗಲೂ ಇರುತ್ತಿತ್ತು. ತಂಬಿಗೆ ಎತ್ತಿಕೊಂಡು ಪಿಸ್ತೂಲಿನ ಮೇಲೆ ನೀರು ಹೊಯ್ಯಲು ಹೊರಟರು. ವ್ಯಾಪಾರಿ “ಯಾ ಅಲ್ಲಾ!” ಎಂದು ಅಡ್ಡ ಬಿದ್ದ. ನಾನು ಅವರಿಗೆ ಹೇಳಿದೆ, ಪಿಸ್ತೂಲಿಗೆ ಮೊದಲೇ ಎಣ್ಣೆ ಹಚ್ಚಿರುತ್ತಾರೆ, ನೀರು ಬೇಡ ಎಂದು. “ಹಂಗಾದ್ರ ಛಲೋ ಆಯ್ತು,” ಎಂದು ರುಮಾಲಿನ ತುದಿಯಿಂದ ಅದನ್ನು ಒರೆಸಿ ಒರೆಸಿ ಒಣಗಿಸಿದರು. ಹುಡಿ ಉದುರಿಸಿದರು. ಹೊಳೆಯುವ ಪಿಸ್ತೂಲು ಬೂದಿ ಬಳಿದ ಬೈರಾಗಿಯಂತಾಯಿತು. ಉಂಗುರದಿಂದ ಮೆಲ್ಲಗೆ ತಟ್ಟುತ್ತ ಕೂತರು. ನಾವು ನಾಲ್ವರೂ ಬಗ್ಗಿ ನೋಡುತ್ತಿದ್ದೆವು.

ಕುದುರೆಯ ಹಿಂದೆ, ಚೌಕಟ್ಟು ಹಿಡಿಕೆಗೆ ತಿರುಗುವಲ್ಲಿ, ಬಿಳಿ ಹುಡಿಯ ಮೇಲೆ ಒಂದು ಕಪ್ಪು ಎಳೆ ಮೂಡಿತು. ಬಳ್ಳಿಯ ಎಲೆಯೊಂದರ ಅಡಿಯಿಂದ ಹೊರಟು, ಹೂವಿನ ಮೇಲೆ ಹಾದು, ಅಂಚಿಗೆ ಹೋಯಿತು.

“ಕೆತ್ತಿದಾಂವ ಈ ಕುಡಿ ಕೆತ್ತಿಲ್ಲ ನೋಡ್ರಿ,” ಎಂದರು ಉಸ್ತಾದರು. “ಇದು ತಾನ ಹುಟ್ಟ್ಯಾದ.”

ಜಾಗೀರದಾರರು ಬಹಳ ಹೊತ್ತು ನೋಡಿದರು. ಅವರಿಗೆ ಆ ಬಳ್ಳಿಯ ಆಸೆ ಬಿಟ್ಟಿರಲಿಲ್ಲ. ವ್ಯಾಪಾರಿ, ಅದು ಎಣ್ಣೆಯ ಕಲೆ, ಬಿರುಕಲ್ಲ ಎಂದ. ಹಾಗಾದರೆ ಪರೀಕ್ಷೆ ಆಗಿಯೇ ಬಿಡಲಿ ಎಂದು ಜಾಗೀರದಾರರು ಖಣಿಯ ಇನ್ನೊಂದು ರಿವಾಜು ತೆಗೆದರು. ಮಾಳಿಗೆಗೆ ಹಾಕಿದ ಕಲ್ಲಿನ ಕೆಳಗೆ, ನೆಲಕ್ಕೆ ಹಾಕಿದ್ದರ ಮೇಲೆ, ಮೊದಲು ಕೂತು ರೊಟ್ಟಿ ತಿನ್ನಬೇಕಾದವನು ಅದನ್ನು ಪಾಸ್ ಮಾಡಿದವನೇ. ಮನೆಯ ಯಜಮಾನ ಆಮೇಲೆ.

“ಕರೀದು ಪಾಸ್ ಅಂತೀರಿ, ಉಸ್ತಾದ್. ಹೌದಲ್ಲ? ಹಂಗಿದ್ರ ಅದನ್ನ ಮೊದಲ ನೀವು ಹಾರಸ್ರಿ. ಬಳ್ಳೀದು ವ್ಯಾಪಾರಿ ಸಾಹೇಬ್ರು ಹಾರಸ್ತಾರ.”

ನಾನು ಉರ್ದುವಿನಲ್ಲಿ ತಿಳಿಸಿದೆ. ವ್ಯಾಪಾರಿ ಬಳ್ಳಿಯ ಪಿಸ್ತೂಲನ್ನು ನೋಡಿದ, ತನ್ನ ಬಲಗೈ ನೋಡಿಕೊಂಡ. “ಹುಜೂರ್, ನಾನು ಮಾರುವವನು. ಹಾರಿಸುವವನಲ್ಲ,” ಎಂದು ಅದನ್ನು ಮಖಮಲ್ಲಿನಲ್ಲಿ ಮಲಗಿಸಿದ. ಆಯ್ಕೆ ಅಲ್ಲಿಗೇ ಮುಗಿದಿತ್ತು. ಆದರೆ ಉಸ್ತಾದರು ಆಗಲೇ ಉಂಗುರ ಕಳಚಿ ಎಡಗೈಗೆ ಹಾಕಿಕೊಳ್ಳುತ್ತಿದ್ದರು. ಹುಟ್ಟಿದಾಗಿನಿಂದ ಅವರು ಗುಂಡು ಹಾರಿಸಿದವರಲ್ಲ. ಪಿಸ್ತೂಲು ಕೈಯಲ್ಲೇ ಒಡೆದರೆ ಕಲ್ಲು ತಟ್ಟುವ ಆ ನಡುಬೆರಳೇ ಮೊದಲು ಹೋಗುವುದು. ಬೆರಳಿಗಿಂತ ಹೆಚ್ಚಾಗಿ, ಅವರ ಪಾಸ್ ಎಂಬ ಮಾತು ಹೋಗುತ್ತಿತ್ತು. ಐದು ಊರುಗಳ ಮಾಳಿಗೆಗಳು ಆ ಒಂದು ಮಾತಿನ ಮೇಲೆ ನಿಂತಿದ್ದವು.

“ಬ್ಯಾಡ್ರಿ ಉಸ್ತಾದ್, ಆಯ್ತಲ್ಲ,” ಎಂದೆ.

“ಯಾಕ ಬ್ಯಾಡ? ಪಾಸ್ ಅಂದೀನಲ್ರಿ.”

ವ್ಯಾಪಾರಿ ಗುಂಡು ತುಂಬಿ, ಸುತ್ತಿಗೆ ಇಳಿಸಿ, ನನ್ನ ಕೈಗೆ ಕೊಟ್ಟ. ನಾನು ಅದನ್ನು ಉಸ್ತಾದರ ಬಲಗೈಯಲ್ಲಿ ಇಟ್ಟೆ. ಬಾಗಿಲ ಹೊರಗೆ ಅಂಗಳದಲ್ಲಿ ಮರಳಿನ ಗುಡ್ಡೆ ಇತ್ತು. ನೆಲಕ್ಕೆಂದು ತಂದದ್ದು. ಅವರು ನಡುಗಲ್ಲಿನ, ಕೋಣೆಯ ನಡುವಿನ ಆ ದೊಡ್ಡ ಫರ್ಶಿಯ, ಅಂಚಿನಲ್ಲಿ ನಿಂತು ಮರಳಿಗೆ ಗುರಿ ಹಿಡಿದರು. ಕುದುರೆ ಎಳೆದರು. ಉದ್ದ ಎಳೆತ. ಸುತ್ತಿಗೆ ಮೆಲ್ಲಗೆ ಏಳುವುದು ಕಾಣುತ್ತಿತ್ತು. ಗುಂಡು ಹಾರಿತು, ಮರಳು ಚಿಮ್ಮಿತು. ಪಿಸ್ತೂಲು ಇಡಿಯಾಗಿತ್ತು, ಬೆರಳೂ ಇತ್ತು. ಜಾಗೀರದಾರರು “ಶಾಬಾಶ್!” ಎಂದು ಕೂಗಿದರು. ಉಸ್ತಾದರು ನಗುತ್ತ ಕೈ ಇಳಿಸಿದರು. ಬೆರಳು ಇನ್ನೂ ಕುದುರೆಯ ಮೇಲೆಯೇ ಇತ್ತು.

ಇಲ್ಲಿ ಶೋಕಸಭೆಯಲ್ಲಿ ನಾನು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. ನಾನು ಕೂಗಿದೆ: “ಉಸ್ತಾದ್, ಬೆರಳು ತೆಗೀರಿ, ಎರಡನೇದು ಹಗುರ ಇರ್ತದ!” ಆದರೆ ನಾನು ನಿಂತಿದ್ದು ಅವರ ಎಡಗಡೆ. ಸಿಡಿಮದ್ದು ತಿಂದಿದ್ದ ಕಿವಿಯ ಕಡೆ. ಜನ ನಕ್ಕದ್ದು ಇಲ್ಲಿಯೇ.

ಎರಡನೆಯ ಗುಂಡು ನಡುಗಲ್ಲಿಗೆ ಬಿತ್ತು. ಕಲ್ಲಿನ ಚೂರು ಹಾರಿ ವ್ಯಾಪಾರಿಯ ಟೋಪಿಗೆ ಬಡಿಯಿತು. ಅವನು ಪೆಟ್ಟಿಗೆ ಎದೆಗವಚಿಕೊಂಡು ಕುರ್ಚಿ ಹತ್ತಿ ನಿಂತ. ಹೊಗೆ ಇಳಿದಾಗ ಆ ದೊಡ್ಡ ಕಲ್ಲಿನ ಮೇಲೆ ರೂಪಾಯಿ ಅಗಲದ ಒಂದು ಕುಳಿ.

ಉಸ್ತಾದರು ಪಿಸ್ತೂಲನ್ನು ಮೇಜಿನ ಮೇಲಿಟ್ಟು ಮಂಡಿಯೂರಿದರು. ಉಂಗುರವನ್ನು ಮತ್ತೆ ಬಲಗೈಗೆ ಹಾಕಿ ಕುಳಿಯ ಸುತ್ತ ತಟ್ಟುತ್ತ ಹೋದರು. ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ವ್ಯಾಪಾರಿ ಕುರ್ಚಿಯ ಮೇಲಿಂದ ಅವರನ್ನೇ ನೋಡುತ್ತಿದ್ದ.

“ಹೆಂಗದ, ಉಸ್ತಾದ್?” ಎಂದರು ಜಾಗೀರದಾರರು.

“ಪಾಸ್.”

“ಪಿಸ್ತೂಲೂ ಪಾಸ್, ಫರ್ಶೀನೂ ಪಾಸ್!” ಎಂದು ಜಾಗೀರದಾರರು ಹೊಟ್ಟೆ ಹಿಡಿದು ನಕ್ಕರು. ಕರಿಯ ಪಿಸ್ತೂಲು ಖಾಲಿ ಮೊಳೆಗೆ ಏರಿತು. ಆ ಕುಳಿಯೂ ಸಂಗ್ರಹಕ್ಕೆ ಸೇರಿತು. ಬಂದ ಅತಿಥಿಗಳಿಗೆಲ್ಲ ಮೊದಲು ಗೋಡೆ, ಆಮೇಲೆ ನೆಲ ತೋರಿಸುತ್ತಿದ್ದರು.

ಉಸ್ತಾದರು ಅಂದು ನಡುಗಲ್ಲಿನ ಮೇಲೆ ಕೂತು ರೊಟ್ಟಿ ತಿಂದರೇ? ತಿಂದದ್ದು ನನಗೆ ನೆನಪಿಲ್ಲ. ಗೋಡೆಯ ಹತ್ತಿರದ ಕಲ್ಲಿನ ಮೇಲೆ ಕೂತಿದ್ದರು ಎಂದು ಈಗ ಕಾಣುತ್ತದೆ. ಆದರೆ ಮುಂದೆ ಆದದ್ದು ಗೊತ್ತಿರುವುದರಿಂದಲೇ ಹಾಗೆ ಕಾಣುತ್ತಿರಬಹುದು. ಕೆಲಸ ಮುಗಿಸಿ ಹೋದರು.

ಒಂಬತ್ತು ವರ್ಷ ಕಳೆದವು. ಹಿಂದುಸ್ತಾನದ ಸೈನ್ಯ ಹೈದರಾಬಾದಿಗೆ ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಹತಾರಗಳನ್ನೆಲ್ಲ ಒಪ್ಪಿಸಬೇಕೆಂದು ಹುಕುಂ ಬಂದಾಗ ಜಾಗೀರದಾರರು ಗೋಡೆಯಿಂದ ಒಂದೊಂದನ್ನೂ ತಾವೇ ಇಳಿಸಿದರು. ಬತ್ತಿಯ ಕೋವಿ, ಕರಿಯ ಪಿಸ್ತೂಲು, ಎಲ್ಲವೂ ಒಂದೇ ಲಾರಿಯಲ್ಲಿ ಹೋದವು. ಕೋಣೆಯಲ್ಲಿ ಮೊಳೆಗಳು ಮಾತ್ರ ಉಳಿದವು.

ಅದಾಗಿ ಒಂದು ತಿಂಗಳಿರಬೇಕು. ಒಂದು ಬೆಳಿಗ್ಗೆ ಜಾಗೀರದಾರರ ವಾಡೆಯ ಮುಂದೆ ರಾವೂರಿನ ಎತ್ತಿನ ಗಾಡಿ ನಿಂತಿತು. ಇಳಿದ ಮನುಷ್ಯನ ಗುರುತು ನನಗೆ ಹತ್ತಲಿಲ್ಲ. ಗಡ್ಡವಿಲ್ಲದ ಮುಖ, ತಲೆಗೆ ರೈತರ ರುಮಾಲು. ಅವನು ಬಾಗಿಲನ್ನು ಬೆರಳಿನಿಂದ ತಟ್ಟಿದ. ಕೈ ಬಡಿದದ್ದಲ್ಲ, ಕಬ್ಬಿಣ ತಟ್ಟಿದ್ದು. ಆಗ ಗೊತ್ತಾಯಿತು.

ಆ ದಿನಗಳಲ್ಲಿ ನಮ್ಮ ಕಡೆ ಗಡ್ಡ ಬಿಟ್ಟ ಮುಸಲ್ಮಾನರು ಜೀವಭಯದಿಂದ ರಸ್ತೆಗೆ ಇಳಿಯುತ್ತಿರಲಿಲ್ಲ. ಊರು ಬಿಟ್ಟವರಲ್ಲಿ ಎಷ್ಟೋ ಜನ ಮುಂದಿನ ಊರು ಸೇರಲಿಲ್ಲ. ಉಸ್ತಾದರು ಗಡ್ಡ ಬೋಳಿಸಿಕೊಂಡು ಎರಡು ದಿನ ಗಾಡಿಯಲ್ಲಿ ಬಂದಿದ್ದರು. ಗಾಡಿಯಲ್ಲಿ ಹುಲ್ಲು, ಹುಲ್ಲಿನ ಕೆಳಗೆ ಒಂದು ದೊಡ್ಡ ಫರ್ಶಿ. ಅಷ್ಟೇ.

ಜಾಗೀರದಾರರು ಖಾಲಿ ಕೋಣೆಯಲ್ಲಿ ಕೂತಿದ್ದರು. “ಈಗ ಯಾಕ ತಂದ್ರಿ, ಉಸ್ತಾದ್? ಇಲ್ಲಿ ಒಂದು ಬಂದೂಕೂ ಉಳದಿಲ್ಲ.”

“ಬಂದೂಕು ನಿಮ್ಮವು, ಸರ್ಕಾರ್. ಪಾಸ್ ಅಂದಾಂವ ನಾನು.”

ಗಾಡಿಯವನೂ ನಾನೂ ಕೈ ಹಚ್ಚಿ ನಡುಗಲ್ಲನ್ನು ಎಬ್ಬಿಸಿದೆವು. ಅಡಿಮೈ ಮೇಲಾಗಿ ತಿರುವಿದಾಗ ಕಂಡಿತು. ಕುಳಿಯ ಕೆಳಗಿನಿಂದ ಮೂಲೆಯವರೆಗೆ ಒಂದೇ ಬಿರುಕು.

“ಆವತ್ತೇ ಕೇಳಿಸಿತ್ರಿ,” ಎಂದರು ಉಸ್ತಾದರು. “ಆ ವ್ಯಾಪಾರಿ ಕುರ್ಚಿ ಮ್ಯಾಲ ನಿಂತು ನೋಡ್ಲಿಕತ್ತಿದ್ದ. ಅವನ ಮುಂದ ನನ್ನ ಕಲ್ಲಿಗಿ ನಾಪಾಸ್ ಅನ್ನಾಕ ಬಾಯಿ ಬರಲಿಲ್ಲ. ಈಗಿನ ಕಾಲ ನೋಡ್ಲಿಕತ್ತೀರಲ್ಲ. ಯಾವಾಗ ಏನು ಆಗ್ತದ ಗೊತ್ತಿಲ್ಲ. ಇದೊಂದು ಉಳೀಬಾರದು ಅನಿಸ್ತು.”

ಮಧ್ಯಾಹ್ನದ ಹೊತ್ತಿಗೆ ಹೊಸ ಕಲ್ಲು ಕೂತಿತು. ತಟ್ಟಿದರು. ಪಾಸ್ ಎಂದರು. ಅದರ ಮೇಲೆ ಕೂತು, ಗಂಟು ಬಿಚ್ಚಿ, ಜೋಳದ ರೊಟ್ಟಿ ತಿಂದರು. ತಿನ್ನುತ್ತ ನನ್ನನ್ನು ನೋಡಿದರು.

“ಮುನ್ಶಿ, ಒಂದು ಮಾತು. ಎರಡನೇ ಸಲ ಆ ಪಿಸ್ತೂಲಿನ ಕುದುರಿ ಹಗುರ ಆಗ್ತದಂತ ಪುಸ್ತಕದಾಗ ಬರದಿತ್ತಂತ, ಖರೆ ಏನು?”

“ಬರದಿತ್ತು, ಉಸ್ತಾದ್.”

“ನೀವು ಹೇಳಿರ್ತೀರಿ.” ಎಡಗಿವಿಯನ್ನು ಮುಟ್ಟಿಕೊಂಡರು. “ಈ ಕಡಿ ನಿಂತಿದ್ರಿ ಕಾಣ್ತದ. ಈ ಹಾಳ ಕಿವಿಗಿ ಕೇಳಿಲ್ಲ. ಹೌದಲ್ರಿ?”

“ಹೌದು,” ಎಂದೆ. “ಕೂಗಿದ್ದೆ.”

ಅವರು ಕಣ್ಣು ಮುಚ್ಚಿದರು. ಬಹಳ ಹೊತ್ತಲ್ಲ. ಒಂದು ಕಲ್ಲಿಗೆ ಎಷ್ಟು ಬೇಕೋ ಅಷ್ಟು. ಆಮೇಲೆ ಉಳಿದ ರೊಟ್ಟಿಯನ್ನು ಮಡಚಿ ಬಾಯಿಗಿಟ್ಟುಕೊಂಡರು. ಪಾಸ್ ಅನ್ನಲಿಲ್ಲ, ನಾಪಾಸೂ ಅನ್ನಲಿಲ್ಲ.

ಶೋಕಸಭೆ ಮುಗಿದ ಮೇಲೆ ಅವರ ಮಗಳು ನನ್ನ ಹತ್ತಿರ ಬಂದಳು. ಅವಳಿಗೂ ಈಗ ತಲೆ ನರೆತಿದೆ. “ಅಬ್ಬಾ ಸಾಯೋತನ ಇದನ್ನ ಹೇಳ್ತಿದ್ರು ನೋಡ್ರಿ. ಮುನ್ಶಿ ಹೇಳಿದ್ರು, ತಪ್ಪು ನನ್ನ ಕಿವೀದು ಅಂತ,” ಎಂದಳು. ನಾನು ಅವಳ ತಲೆ ಸವರಿ ಬಸ್ಸು ಹತ್ತಿದೆ.

ನನ್ನ ನೆನಪಿನಲ್ಲಿ ಬಹಳಷ್ಟು ಅಲುಗಾಡುತ್ತದೆ. ಮಸಿ ಬಿದ್ದ ದಿನ ಗೊತ್ತಿಲ್ಲ. ವ್ಯಾಪಾರಿಯ ಟೋಪಿ ಕೆಂಪೋ ಕಪ್ಪೋ ತಿಳಿಯದು. ಒಂದು ಮಾತ್ರ ಅಲುಗಾಡುವುದಿಲ್ಲ. ಪಿಸ್ತೂಲನ್ನು ಉಸ್ತಾದರ ಬಲಗೈಯಲ್ಲಿ ಇಟ್ಟವನು ನಾನು. ಇಟ್ಟು ಅಲ್ಲಿಂದ ಒಂದು ಹೆಜ್ಜೆಯೂ ಸರಿಯಲಿಲ್ಲ. ವ್ಯಾಪಾರಿಯ ಮುಖ ಇಳಿದದ್ದನ್ನು ನೋಡಿ ಸಂತೋಷಪಡುತ್ತ ನಿಂತಿದ್ದೆ. ಕೆಂಪು ಗೆರೆ ಎಳೆದ ವಾಕ್ಯ ತಲೆಯಲ್ಲೇ ಇತ್ತು, ಬಾಯಿಗೆ ಬರಲಿಲ್ಲ. ಒಂದು ಕಲ್ಲಿನ ದನಿಯನ್ನು ಒಂಬತ್ತು ವರ್ಷ ನೆನಪಿಟ್ಟವರಿಗೆ ನಾನು ಯಾವ ಕಡೆ ನಿಂತಿದ್ದೆ ಎಂಬುದು ಮರೆತಿರಲಾರದು.

ನಾನು ನಿಂತಿದ್ದು ಅವರ ಬಲಗಡೆ, ಕೇಳುವ ಕಿವಿಯ ಕಡೆ. ಪಿಸುಗುಟ್ಟಿದ್ದರೂ ಕೇಳುತ್ತಿತ್ತು. ನಾನು ಏನೂ ಹೇಳಲಿಲ್ಲ.